ಹೆಂಡತಿಯ ತೂಕದ ಮೂಟೆ

ಎಲ್ಲಕ್ಕೂ ಕಾರಣ ಒಂದು ಬೆನ್ನುನೋವು. ಅದೂ ಕನ್ನಡಕದಣ್ಣನದಲ್ಲ, ಅವನ ಹೆಂಡತಿಯದು.

ಕನ್ನಡಕದಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಪೇಟೆಯಲ್ಲಿ ಅವನಿಗೊಂದು ಕನ್ನಡಕದ ಅಂಗಡಿಯಿತ್ತು. ಮನೆಯ ಶೆಡ್ಡಿನಲ್ಲಿ ಸೋದರಮಾವ ಬಿಟ್ಟುಹೋದ, ಹಸಿರು ಬಣ್ಣದ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರಿತ್ತು. ಅಂಗಡಿ ಹೊಟ್ಟೆಪಾಡಿಗೆ, ಕಾರು ಜೀವಕ್ಕೆ. ದಿನಾ ಅಂಗಡಿಗೆ ಹೋಗುವುದೂ ಅದರಲ್ಲೇ. ಪ್ರತಿ ಭಾನುವಾರ ಸಂಜೆ ಗಂಡಹೆಂಡತಿ ಅದರಲ್ಲಿ ಕೆರೆಯವರೆಗೆ ಹೋಗಿಬರುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಭಾನುವಾರ ದಾರಿಯಲ್ಲಿ ಅವಳು ಏನೋ ಕೇಳಿದಳು. ಇವನು, "ಶ್! ಮುಂದಿನ ಚಕ್ರದ ಹತ್ರ ಏನೋ ಕಟಕಟ ಅಂತಿದೆ, ಕೇಳಿಸ್ಕೊ" ಎಂದ. ಮರುವಾರ ಅವಳು, "ರೀ, ನಿಮ್ಮ ಗಾಡಿ ಕುಲುಕಾಟಕ್ಕೆ ನನ್ನ ಬೆನ್ನು ಹಿಡ್ಕೊಂಡಿದೆ. ನೀವೇ ಹೋಗ್ಬನ್ನಿ" ಎಂದಳು. ಅಂದಿನಿಂದ ಪಕ್ಕದ ಸೀಟು ಖಾಲಿ.

ಆಮೇಲೂ ಅವನು ಹೋಗುತ್ತಿದ್ದ. ಕೆರೆ ಅದೇ, ಸಂಜೆಯೂ ಅದೇ. ಆದರೆ "ಅಲ್ನೋಡು" ಎಂದು ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಮದುವೆಯಾಗಿ ಇಪ್ಪತ್ತಮೂರು ವರ್ಷವಾದ ಮೇಲೆ ಹೆಂಡತಿಯ ಮೇಲೆ ಇಷ್ಟು ಆಸೆಯಿದೆಯೆಂದು ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೇ ಅವನು ಹೊಸ ಸ್ಪ್ರಿಂಗು, ಹೊಸ ಶಾಕ್‌ಅಬ್ಸಾರ್ಬರು, ಕುಲುಕಾಟ ಹೀರುವ ಹೊಸ ರಬ್ಬರ್ ಬುಷ್ಷುಗಳನ್ನು ತರಿಸಿದ. ಹೆಂಡತಿ ಪ್ರತಿ ಗುರುವಾರ ತನ್ನ ಅಕ್ಕನ ಮನೆಗೆ ಹೋಗಿ ಸಂಜೆ ಐದಕ್ಕೆ ಬರುತ್ತಿದ್ದಳು. ಅಷ್ಟರೊಳಗೆ ಕಾರನ್ನು ತೊಟ್ಟಿಲಿನಂತೆ ಮಾಡಿ ಅವಳೆದುರು ನಿಲ್ಲಿಸಬೇಕು ಎಂದು ಲೆಕ್ಕ ಹಾಕಿ, ಒಂದು ಗುರುವಾರ ಅಂಗಡಿಗೆ ರಜೆ ಹಾಕಿದ.

ಜಾಕು ಏರಿಸಿದ ಸದ್ದಿಗೇ ಕಾಂಪೌಂಡಿನ ಮೇಲೆ ಒಂದು ಬೋಳುತಲೆ ಮೂಡಿತು. ಪಕ್ಕದ ಮನೆಯ ಡ್ರೈವರ್ ಮಾವ. ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು.

"ಏನಿವತ್ತು ಮಾವ, ಗುರುವಾರ ಮಂಡಿ ವ್ಯಾಯಾಮಕ್ಕೆ ಹೋಗ್ತಿದ್ರಲ್ಲ?"

"ಮಂಡಿ ವಾಸಿಯಾಯ್ತು ಕಣಯ್ಯ," ಎಂದು ಅವರು ಕೈಯಲ್ಲಿದ್ದ ಫೋನನ್ನು ಒಮ್ಮೆ ನೋಡಿಕೊಂಡು, ಕರೆಯದಿದ್ದರೂ ಒಳಗೆ ಬಂದರು. "ಆ ಬೋಲ್ಟು ಹಾಗೆಲ್ಲ ಬರಲ್ಲ. ಸ್ಪ್ಯಾನರಿಗೆ ಉದ್ದ ಪೈಪು ಸಿಗಿಸು."

ಪೈಪು ಸಿಗಿಸಿ ಜಗ್ಗಿದ್ದೇ ತಡ, ತುಕ್ಕು ಹಿಡಿದ ಬೋಲ್ಟು ಸರಕ್ಕನೆ ಬಿಟ್ಟುಕೊಂಡಿತು. ಕನ್ನಡಕದಣ್ಣ ಹಿಮ್ಮುಖವಾಗಿ ಹೋಗಿ ಬಟ್ಟೆ ನೆನೆಹಾಕಿದ್ದ ಬಕೆಟ್ಟಿನೊಳಗೆ ಕೂತ. ಎದ್ದು, ಒದ್ದೆ ಪ್ಯಾಂಟಿನಲ್ಲೇ ಹಳೆಯ ಸ್ಪ್ರಿಂಗಿಗೆ ಕೈಹಾಕಿದ. ಬಿಗಿಹಿಡಿದಿದ್ದ ಕ್ಲಾಂಪು ಜಾರಿತು. ನಲವತ್ತು ವರ್ಷ ಮೈ ಕುಗ್ಗಿಸಿಕೊಂಡು ಕೂತಿದ್ದ ಸ್ಪ್ರಿಂಗು ಈಗ ಬಿಡುಗಡೆಯಾದದ್ದೇ ಟಣ್ಣನೆ ಗೇಟು ಹಾರಿ, ಇಳಿಜಾರಿನ ಬೀದಿಯಲ್ಲಿ ಉರುಳುತ್ತ ಕಣ್ಮರೆಯಾಯಿತು. ಐದು ನಿಮಿಷಕ್ಕೆ ಕೆಳಗಿನ ಹಿಟ್ಟಿನ ಗಿರಣಿಯ ಅಕ್ಕ ಅದನ್ನು ಹಿಡಿದುಕೊಂಡು ಬಂದರು. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದರು.

"ತಮ್ಮಾ, ಇದು ನಿನ್ನದಾ? ಗೋಧಿಹಿಟ್ಟಿನ ರಾಶಿಗೆ ಬಂದು ಬಿತ್ತು. ನನ್ನ ಗಿರಾಕಿಗಳು ಭೂಕಂಪ ಅಂತ ಓಡ್ಹೋದ್ರು."

ಅವನು ಕೈಮುಗಿದ. ಯಾರಿಗಾಗಿ ಈ ಪಾಡು ಎಂದು ತಿಳಿದ ಮೇಲೆ ಅಕ್ಕ ಕರಗಿದರು. ಕರಗಿದ್ದೇ ತಪ್ಪಾಯಿತು, ಗಿರಣಿಗೆ ಬೀಗ ಹಾಕಿ ಬಂದು ಮೆಟ್ಟಿಲ ಮೇಲೆ ಗಟ್ಟಿಯಾಗಿ ಕೂತುಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಹೊಸ ಸಾಮಾನೆಲ್ಲ ಕೂತಿತು. ಬುಷ್ಷುಗಳ ಕೊನೆಯ ನಟ್ಟುಗಳಷ್ಟೇ ಬಾಕಿ. ಆಗ ಅವನು ಸಾಮಾನಿನ ಜೊತೆ ಬಂದ ಪುಸ್ತಕದ ಕೊನೆಯ ಪುಟವನ್ನು ಓದಿದ. ಈ ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗ, ಎರಡೂ ಸೀಟಿನಲ್ಲಿ ದಿನಾ ಕೂರುವವರಷ್ಟೇ ಭಾರವಿಟ್ಟು ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ತಿರುಚಿಕೊಂಡು ಗಾಡಿ ಮೊದಲಿಗಿಂತ ಹೆಚ್ಚು ಕುಲುಕುತ್ತದೆ ಎಂದಿತ್ತು.

"ಅದಕ್ಕೇನಂತೆ, ಹಿಟ್ಟಿನ ಮೂಟೆ ಇಡೋಣ," ಎಂದರು ಅಕ್ಕ. "ನಿನ್ನ ತೂಕ ಎಷ್ಟು?"

"ಎಪ್ಪತ್ತೆಂಟು."

"ಅವಳದು?"

ಕನ್ನಡಕದಣ್ಣ ಸ್ಪ್ಯಾನರು ಕೆಳಗಿಟ್ಟ. ಯೋಚಿಸಿದ. "ಐವತ್ತೆರಡು," ಎಂದ.

"ಯಾವ ಕಾಲದ ಲೆಕ್ಕ ಅದು?"

"ಮದುವೆಯಾದ ವರ್ಷ."

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಕ್ಕರು. "ಮೂವತ್ತು ವರ್ಷ ಮೂಟೆ ತೂಗಿದೀನಿ, ನನ್ನ ಕಣ್ಣೇ ತಕ್ಕಡಿ. ಅರವತ್ತಾರು, ಬರ್ಕೊ."

"ಅರವತ್ತಾರಾ? ನಾನು ಬರ್ಕೊಂಡೆ ಅಂತ ಗೊತ್ತಾದ್ರೆ ನನ್ನನ್ನ ಮನೆಯೊಳಗೆ ಸೇರಿಸಲ್ಲ!"

"ಎಪ್ಪತ್ತು!" ಎಂದು ಎದುರು ಮನೆಯ ಮಹಡಿಯಿಂದ ಯಾರೋ ಕೂಗಿದರು. ನೋಡಿದರೆ ಅಲ್ಲಿ ಆಗಲೇ ನಾಲ್ಕು ತಲೆಗಳಿದ್ದವು. ಹೆಂಡತಿಯ ತೂಕ ಹರಾಜಿನಂತೆ ಏರುವುದನ್ನು ಕೇಳಿ ಕನ್ನಡಕದಣ್ಣನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಬೇಗ ಮುಗಿದರೆ ಸಾಕೆಂದು ಅರವತ್ತಾರಕ್ಕೇ ಒಪ್ಪಿದ. ಎರಡು ಮೂಟೆ ಬಂದವು. ಅದಲುಬದಲಾಗದಿರಲೆಂದು ಅಕ್ಕ ಸಣ್ಣ ಮೂಟೆಯ ಮೇಲೆ ಸೀಮೆಸುಣ್ಣದಲ್ಲಿ ೬೬ ಎಂದು ಬರೆದು, ಗುರುತಿಗೆ ತಂತಿಯ ಮೇಲೆ ಒಣಗುತ್ತಿದ್ದ ಹೆಂಡತಿಯ ನೀಲಿ ಶಾಲನ್ನು ಹೊದಿಸಿದರು. ದೊಡ್ಡ ಮೂಟೆ ಸ್ಟಿಯರಿಂಗ್ ಹಿಂದೆ, ಶಾಲಿನ ಮೂಟೆ ಪಕ್ಕದ ಸೀಟಿನಲ್ಲಿ ಕೂತವು. ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಏರಿಸಿ ಕನ್ನಡಕದಣ್ಣ ಕೆಳಗೆ ತೂರಿದ.

ಅಷ್ಟರಲ್ಲಿ ಡ್ರೈವರ್ ಮಾವನ ಫೋನು ಹೊಡೆದುಕೊಂಡಿತು.

"ಸಿಕ್ತಾ? ಶಭಾಷ್!" ಎಂದು ಅವರು ಕೂಗಿದ ಅಬ್ಬರಕ್ಕೆ ಕನ್ನಡಕದಣ್ಣ ತಲೆಯೆತ್ತಿ ಸೈಲೆನ್ಸರಿಗೆ ಹಣೆ ಚಚ್ಚಿಕೊಂಡ.

"ಯಾರು ಮಾವ?"

"ನನ್ನ ಹತ್ರ ಕಲೀತಿದ್ದೋರೊಬ್ರು ಪಾಸಾದ್ರು. ನೀನು ನಟ್ಟು ಬಿಗಿಯಬೇಡ, ತಾಳು."

ಮೇಲೆ ದಬದಬ ಸದ್ದಾಯಿತು. ಗಾಡಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿತು. ಅಕ್ಕನ ಪಿಸುಮಾತು, ಮಾವನ ಏದುಸಿರು. ಕೊನೆಗೆ "ಈಗ ಬಿಗಿ" ಎಂಬ ಅಪ್ಪಣೆಯಾಯಿತು. ನಾಲ್ಕೂ ಚಕ್ರದ ನಟ್ಟು ಬಿಗಿದು ಹೊರಗೆ ಬಂದು ನೋಡಿದರೆ, ನೀಲಿ ಶಾಲಿನ ಮೂಟೆ ಸ್ಟಿಯರಿಂಗ್ ಹಿಂದೆ ಗಂಭೀರವಾಗಿ ಕೂತಿತ್ತು. ಸೀಟು ಬೇರೆ ಮುಂದಕ್ಕೆ ಸರಿದಿತ್ತು.

"ಏನ್ ಮಾವ ಇದು! ತಿರುಗುಮುರುಗು ಮಾಡಿಬಿಟ್ರಲ್ಲ!"

"ಮೂವತ್ತೆಂಟು ವರ್ಷ ಸ್ಟಿಯರಿಂಗ್ ಹಿಡಿದೋನು ನಾನು. ಸರಿಯಾಗೇ ಇದೆ."

"ಸೀಟು ಯಾಕೆ ಮುಂದೆ?"

"ಮೂಟೆ ಜಾರತ್ತೆ."

ಮುದುಕರಿಗೆ ಅರಳುಮರಳು ಎಂದುಕೊಂಡ. ಎಲ್ಲ ಬಿಚ್ಚಿ ಮತ್ತೆ ಬಿಗಿಯೋಣವೆಂದರೆ ಗೇಟು ಕಿರ್ರೆಂದಿತು. ಐದು ಗಂಟೆ. ಹೆಂಡತಿ ನಿಂತಿದ್ದಳು.

ಅವಳು ಮೊದಲು ಗಂಡನ ಒದ್ದೆ ಪ್ಯಾಂಟನ್ನೂ ಹಣೆಯ ಬುಗುಟನ್ನೂ ನೋಡಿದಳು. ಆಮೇಲೆ ಕಾರಿನಲ್ಲಿ ತನ್ನ ಶಾಲು ಹೊದ್ದು ಕೂತಿದ್ದ ಮೂಟೆಯ ಹತ್ತಿರ ಹೋದಳು. ಶಾಲು ಸರಿಸಿ ಸೀಮೆಸುಣ್ಣದ ಅಂಕಿ ಓದಿದಳು. ಎದುರು ಮಹಡಿಯ ತಲೆಗಳು ಒಟ್ಟಿಗೆ ಮಾಯವಾದವು.

"ಯಾರಿದು?"

ಗಿರಣಿ ಅಕ್ಕ ಕೈಯಲ್ಲಿದ್ದ ಸೀಮೆಸುಣ್ಣವನ್ನು ಸೆರಗಿನೊಳಗೆ ಬಚ್ಚಿಟ್ಟರು.

"ನೀನೇ," ಎಂದ ಕನ್ನಡಕದಣ್ಣ ಸಣ್ಣ ದನಿಯಲ್ಲಿ.

"ಅರವತ್ತನಾಲ್ಕು," ಎಂದಳು ಅವಳು, ಗಿರಣಿ ಅಕ್ಕನ ಕಡೆ ತಿರುಗಿ. ಅಕ್ಕ ಆಕಾಶ ನೋಡಿದರು.

"ನಿನ್ನ ಬೆನ್ನಿಗೆ ನೋವಾಗದ ಹಾಗೆ ಮಾಡಿದೀನಿ ಕಣೇ," ಎಂದು ಅವನು ಒಂದೇ ಉಸಿರಿಗೆ ಹೇಳಿದ. "ನೀನಿಲ್ಲದೆ ಆ ಕೆರೆ ನೋಡೋಕೆ ಬೇಜಾರು. ಬಂದು ಕೂರು."

ಅವಳ ಕಣ್ಣು ತುಂಬಿಬಂತು. ಕರಿ ಮೆತ್ತಿದ ಅವನ ಕೆನ್ನೆಯನ್ನು ಸೆರಗಿನ ತುದಿಯಿಂದ ಒರೆಸಿದಳು. ಆಮೇಲೆ ಮಾವನ ಕೈಲಿ ಮೂಟೆ ಇಳಿಸಿ, ಸ್ಟಿಯರಿಂಗ್ ಹಿಂದೆ ಹೋಗಿ ಕೂತಳು. ಮುಂದೆ ಸರಿದ ಸೀಟು ಅವಳ ಕಾಲಿಗೆ ಅಳತೆ ತೆಗೆದಂತಿತ್ತು.

"ಅದು ನನ್ನ ಸೀಟು..."

ಅವಳು ಬ್ಯಾಗಿನಿಂದ ಹೊಸ ಲೈಸೆನ್ಸು ತೆಗೆದು ಹಿಡಿದಳು. "ನನ್ನ ಬೆನ್ನಿಗೇನೂ ಆಗಿರ್ಲಿಲ್ಲ ಕಣ್ರೀ. ಅವತ್ತು, 'ಒಂದ್ಸಲ ನಾನು ಓಡಿಸ್ಲಾ?' ಅಂತ ಕೇಳ್ದೆ. ನೀವು ಶ್ ಅಂದ್ರಿ. ಆಮೇಲೆ ಗುರುವಾರ ಗುರುವಾರ ನಮ್ಮಕ್ಕನ ಮನೆ ಹಿಂದಿನ ಮೈದಾನದಲ್ಲಿ, ಅವರ ಕಾರಲ್ಲೇ, ಡ್ರೈವರ್ ಮಾವನ ಹತ್ರ ಕಲಿತೆ. ಇವತ್ತು ಪಾಸಾದೆ."

ಊರಿನವರ ಕಣ್ಣು ಪರೀಕ್ಷೆ ಮಾಡುವ ಕನ್ನಡಕದಣ್ಣ ಡ್ರೈವರ್ ಮಾವನ ಕಡೆ ನೋಡಿದ. ಮಾವ ಮಂಡಿ ಉಜ್ಜಿಕೊಳ್ಳುತ್ತ ನಿಂತಿದ್ದರು. ಅವನು ತೆಪ್ಪಗೆ ಎಪ್ಪತ್ತೆಂಟರ ಮೂಟೆ ಇಳಿಸಿ ಅದರ ಜಾಗದಲ್ಲಿ ಕೂತ.

ಕಾರು ನೀರಿನ ಮೇಲೆ ಹೋದಂತೆ ಹೋಯಿತು. ಒಂದೂ ಗುಂಡಿ ತಿಳಿಯಲಿಲ್ಲ. ತನ್ನ ಕೈಕೆಲಸಕ್ಕೆ ಅವನ ಎದೆ ಉಬ್ಬಿತು. "ನೋಡಿದ್ಯಾ, ಆ ಬುಷ್ಷು ಕೂರಿಸೋಕೆ ನಾನು..." ಎಂದು ಶುರುಮಾಡಿದ.

"ಶ್! ನಿಮ್ಮ ಕಡೆ ಏನೋ ಕಟಕಟ ಅಂತಿದೆ, ಕೇಳಿಸ್ಕೊಳ್ಳಿ."

ಅವನು ಕೇಳಿಸಿಕೊಂಡ. ಅವನ ಜೇಬಿನಲ್ಲಿದ್ದ ಕನ್ನಡಕದ ಡಬ್ಬಿ. ಮೆಲ್ಲಗೆ ಅದನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡ. ಸದ್ದು ನಿಂತಿತು. ಅವಳು ಮಾತು ಶುರುಮಾಡಿದಳು. ಎರಡು ವರ್ಷದ್ದು ಬಾಕಿಯಿತ್ತು. ಕೆರೆ ಬಂದರೂ ಮುಗಿಯಲಿಲ್ಲ. ಅವನು ಒಂದು ಸಲವೂ ಶ್ ಎನ್ನಲಿಲ್ಲ. ಅವನಿಗೆ ಆ ಸಂಜೆ ಮುಗಿಯುವುದೇ ಬೇಡವಾಗಿತ್ತು.

"ನಾಳೆ ನಮ್ಮಕ್ಕನ್ನ ಒಂದು ಸುತ್ತು ಕರ್ಕೊಂಡ್ಹೋಗ್ಲಾ?" ಎಂದಳು ವಾಪಸು ಬರುವಾಗ. ಅವನು ಹೂಂ ಎಂದ. ಇರುವುದೇ ಎರಡು ಸೀಟು.

ಮರುದಿನ ಬೆಳಿಗ್ಗೆ ಕನ್ನಡಕದಣ್ಣ ಬಸ್ಸಿನಲ್ಲಿ ಅಂಗಡಿಗೆ ಹೋದ. ಸಿಕ್ಕಿದ್ದು ಕಟ್ಟಕಡೆಯ ಸೀಟು. ಆ ಬಸ್ಸಿನ ಸ್ಪ್ರಿಂಗು ಯಾವ ಕಾಲದ್ದೋ ಏನೋ, ಅಂಗಡಿ ಬರುವಷ್ಟರಲ್ಲಿ ಅವನ ಬೆನ್ನು ನಿಜವಾಗಿಯೂ ಹಿಡಿದುಕೊಂಡಿತ್ತು.