ಸೋರದ ಲೀಟೊಸ್

ಸಭೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಆರ್ವೊನ ಅಡುಗೆಮನೆಯ ಲೀಟೊಸ್ ಸೋರತೊಡಗಿತು. ಲೀಟೊಸ್ ಅಂದರೆ ಕೊಳಾಯಿಗೆ ಕೊಳಾಯಿ ಕೂಡುವ ಜಾಗ. ಕೂಡುವುದು ಹೆಸರಿಗಷ್ಟೇ, ಬುದ್ಧಿಯೆಲ್ಲ ದಾಯಾದಿಗಳದು.

ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಇವತ್ತು ಟಾಂಪೆರೆ ಊರಿನ ಅವನ ಹಳೇ ಕಟ್ಟಡದವರೆಲ್ಲ ಸೇರಿ, ಅಷ್ಟೂ ಮನೆಗಳ ಕೊಳಾಯಿ ಬದಲಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು. ಬದಲಿಸುವುದೆಂದರೆ ತಿಂಗಳುಗಟ್ಟಲೆ ಮನೆಯಲ್ಲಿ ನೀರಿಲ್ಲ, ಅಂಗಳದ ಡಬ್ಬಾ ಕಕ್ಕಸಿಗೆ ಹಿಮದಲ್ಲಿ ಓಟ. ಅದನ್ನೂ ಸಹಿಸಬಹುದಿತ್ತು. ನೆಲಮಾಳಿಗೆಯ ಸೌನಾಕ್ಕೂ ಬೀಗ ಬೀಳುತ್ತಿತ್ತಲ್ಲ! ಶನಿವಾರ ಸಂಜೆ ಬಿಸಿ ಹಬೆಯಲ್ಲಿ ಬೆವರದಿದ್ದರೆ ಆರ್ವೊಗೆ ಬದುಕಿದಂತೆಯೇ ಅಲ್ಲ. ಹಾಗಾಗಿಯೇ ಅವನು ವರ್ಷವಿಡೀ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ "ನಮ್ಮನೇಲಿ ಒಂದು ಹನಿ ಸೋರಲ್ಲ" ಎಂದು ಸಾರಿದ್ದ.

ಸ್ಪ್ಯಾನರ್ ಹಿಡಿದು ಬಿಗಿ ಮಾಡಿದ. ಹನಿ ಹೋಗಿ ಧಾರೆಯಾಯಿತು. ಟೇಪು ಸುತ್ತಿದ. ಕೊನೆಗೆ ಕಾಲುಚೀಲವನ್ನೇ ಬಿಚ್ಚಿ ಕಟ್ಟಿ, ಕೆಳಗೊಂದು ಬಕೆಟ್ ಇಟ್ಟ. ಅಷ್ಟರಲ್ಲಿ ಬಾಗಿಲಲ್ಲಿ ಕೆಳಮನೆಯ ಹಿಲ್ಕಾ ಅಜ್ಜಿ.

"ಏನೋ ಅದು ಟಪ್ ಟಪ್ ಅಂತ?"

"ಗಡಿಯಾರ ಅಜ್ಜಿ."

"ಒಂದು ಕಾಲಿಗೆ ಕಾಲ್ಚೀಲ ಎಲ್ಲೋ?"

"ಸೆಕೆ!"

ಹೊರಗೆ ಹಿಮ ಸುರಿಯುತ್ತಿತ್ತು. ಅಜ್ಜಿ ಕಿಟಕಿ ನೋಡಿದಳು, ಅವನ ಪಾದ ನೋಡಿದಳು, ಸಭೆಗೆ ಹೊರಟಳು.

ಸಭೆಯಲ್ಲಿ ಅಧ್ಯಕ್ಷ ಓಸ್ಮೊ, "ಯಾರ ಮನೇಲಿ ಸೋರ್ತಿದೆ, ಕೈಯೆತ್ತಿ" ಎಂದ. ಎಲ್ಲರೂ ಕಾಫಿ ಕಪ್ಪಿನೊಳಗೆ ಇಣುಕತೊಡಗಿದರು.

ಆರ್ವೊ ಎದ್ದು ನಿಂತ. "ನಮ್ಮ ಲೀಟೊಸ್ ಕಲ್ಲಿದ್ದಂಗಿದೆ! ಬದಲಾಯಿಸೋಕೆ ನಮಗೇನು ಹುಚ್ಚೇ?"

ಕೊಳಾಯಿ ಬದಲಿಸುವ ಮಾತು ಅಲ್ಲಿಗೇ ಬಿದ್ದುಹೋಯಿತು. ಆರ್ವೊಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಆ ಕಡೆ ಸಭೆಯಲ್ಲಿ ಬಾಯಿಬಿಟ್ಟವನ ತಲೆಗೇ ಅಧ್ಯಕ್ಷಗಿರಿ ಕಟ್ಟುವುದು ರೂಢಿ.

"ನಂಗೆ ಸಾಕಾಗಿದೆ. ಇನ್ಮೇಲೆ ಆರ್ವೊನೇ ಅಧ್ಯಕ್ಷ" ಎಂದ ಓಸ್ಮೊ. ಈ ಸಲ ಅಷ್ಟೂ ಕೈಗಳು ಮೇಲೆದ್ದವು.

ಚಪ್ಪಾಳೆ ಮುಗಿದದ್ದೇ ತಡ, ಓಸ್ಮೊ ಅವನ ಕಿವಿಯಲ್ಲಿ ಉಸುರಿದ: "ನಿನ್ನ ಮನೆ ಒಂದೇ ಸೋರಲ್ಲ ಅಂತಿದ್ಯಲ್ಲ, ನಾಚಿಕೆಯಾಗಿ ಯಾರೂ ಬಾಯಿ ಬಿಡ್ಲಿಲ್ಲ ಮಾರಾಯ. ನಮ್ಮೆಲ್ಲರ ಮನೇಲೂ ಬಕೆಟ್ ಇದೆ. ನಿನ್ನ ಕೈಗುಣ ಚೆನ್ನಾಗಿದೆ, ಒಂದೊಂದೇ ಮನೆ ರಿಪೇರಿ ಮಾಡ್ಕೊಡು. ಶನಿವಾರ ಸಂಜೆ ಎಲ್ಲರೂ ಸಿಗ್ತೀವಿ."

"ಶನಿವಾರ ಸಂಜೆನಾ?" ಎಂದ ಆರ್ವೊ.

"ಪ್ರತಿ ಶನಿವಾರ."

ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಹಿಲ್ಕಾ ಅಜ್ಜಿ ಅವನ ತೋಳು ತಟ್ಟಿದಳು. "ಬರುವಾಗ ಕಾಲ್ಚೀಲ ಮಾತ್ರ ತರಬೇಡಪ್ಪ. ನಾನೂ ಕಟ್ಟಿ ನೋಡಿದೀನಿ, ನಿಲ್ಲಲ್ಲ."