ಮೂರನೆಯ ಸಲ ಕೇಳದ ಸಾಹೇಬರು

ಬುದ್ಧಿ ಹೇಳುವುದಕ್ಕೆ ಬುದ್ಧಿ ಇರಬೇಕೆಂದೇನಿಲ್ಲ, ವಯಸ್ಸಾಗಿದ್ದರೆ ಸಾಕು ಎಂಬುದು ನನಗೆ ವಯಸ್ಸಾದ ಮೇಲೆ ತಿಳಿಯಿತು. ನಾನು ಕಲಿತದ್ದು ಕನ್ನಡ ಎರಡನೆಯ ಇಯತ್ತೆ. ಮೂರನೆಯದಕ್ಕೆ ಕೂಡುವ ಮೊದಲೇ ಲಗ್ನ ಗೊತ್ತಾಗಿ, ಕೈಯಲ್ಲಿದ್ದ ಪಾಟಿ ಹೋಗಿ ರೊಟ್ಟಿಯ ಹಿಟ್ಟು ಬಂತು. ಅಷ್ಟಾದರೂ ಈಗ ನೌಕರಿಗೆ ಹೊರಟ ಹುಡುಗರು ಕಾಲಿಗೆ ಬಿದ್ದು "ಏನಾರ ಬುದ್ಧಿ ಹೇಳಜ್ಜಿ" ಅನ್ನುತ್ತಾರೆ. ಹೇಳುತ್ತೇನೆ, ಬಿಡುತ್ತೇನೆಯೇ? ಹಸಿದ ಹೊಟ್ಟೆಯಲ್ಲಿ ಕೆಲಸಕ್ಕೆ ಹೋಗಬೇಡಿ, ಸಿಟ್ಟು ಬರುತ್ತದೆ. ಜ್ವರ ಇಳಿಯಿತೆಂದು ಗುಳಿಗೆಯನ್ನು ನಡುವೆಯೇ ಬಿಡಬೇಡಿ, ಜ್ವರಕ್ಕೆ ನಿಮಗಿಂತ ತಾಳ್ಮೆ ಹೆಚ್ಚು. ಮೇಲಿನವರು ಏನಾದರೂ ಕೊಡಲು ಬಂದರೆ, ಬೇಕಾದದ್ದಿದ್ದರೆ ಬೇಕು ಅನ್ನಿ. ಮೊದಲಿನ ಎರಡಕ್ಕೂ ತಲೆಯಾಡಿಸುತ್ತಾರೆ. ಮೂರನೆಯದಕ್ಕೆ ನಗುತ್ತಾರೆ. ಯಾರು ತಾನೇ ಬೇಕಾದ್ದನ್ನು ಬೇಡ ಅಂದಾರು ಎಂಬುದು ಅವರ ಲೆಕ್ಕ. ಅವರು ನನ್ನ ಗಂಡನನ್ನು ನೋಡಿಲ್ಲ.

ನಮ್ಮ ಹಳಿಯಾಳ ಸೀಮೆಯ ಮರ್ಯಾದೆ ಹೊರಗಿನವರಿಗೆ ತಿಳಿದಿರಲಿಕ್ಕಿಲ್ಲ. ಯಾರ ಮನೆಗೇ ಹೋಗಲಿ, ಏನೇ ಕೊಡಲಿ, ಮೊದಲ ಸಲ ಬೇಡ ಅನ್ನಬೇಕು. ಎರಡನೆಯ ಸಲವೂ ಬೇಡ ಅನ್ನಬೇಕು, ಆದರೆ ಧ್ವನಿ ಸ್ವಲ್ಪ ಇಳಿದಿರಬೇಕು. ಮೂರನೆಯ ಸಲ ಕೇಳಿದಾಗ "ನೀವು ಅಷ್ಟಂತೀರಿ ಅಂದಮ್ಯಾಗ..." ಎಂದು ಸೋತವರಂತೆ ತಾಟು ಮುಂದೆ ಸರಿಸಬೇಕು. ಮೊದಲ ಸಲಕ್ಕೇ ಹೂಂ ಅಂದವನು ಆಸೆಬುರುಕ. ಮೂರು ಸಲ ಕೇಳದವನು ಜಿಪುಣ. ಬಡಿಸಲು ಬಂದಾಗ ತಾಟಿಗೆ ಕೈ ಅಡ್ಡ ಹಿಡಿಯುವುದರಲ್ಲೂ ಒಂದು ಹದವಿದೆ. ಬೆರಳುಗಳ ನಡುವೆ ಒಂದು ಸೌಟು ಪಾಯಸ ಇಳಿಯುವಷ್ಟು ಸಂದಿ ಇಟ್ಟಿರಬೇಕು.

ನಮ್ಮ ಮನೆಯವರು ಈ ಮರ್ಯಾದೆಯಲ್ಲಿ ಬಹಳ ಮುಂದೆ ಹೋದವರು. ಮುಂಡಗೋಡಿನಲ್ಲಿ ಅವರ ಅಕ್ಕನ ಮನೆಗೆ ಒಮ್ಮೆ ಹೋದಾಗ, ಅಕ್ಕನಿಗೆ ಹಲ್ಲುನೋವು. ಬಾಯಿ ತೆರೆಯಲಾರದೆ ಒಂದೇ ಸಲ "ಉಣ್ತೀಯೇನೋ?" ಎಂದು ಕೇಳಿದ್ದಾಳೆ. ಇವರು "ಆಗೇತಿ, ಬ್ಯಾಡ" ಅಂದಿದ್ದಾರೆ. ಅವಳು ಕೆನ್ನೆ ಹಿಡಿದುಕೊಂಡು ಒಳಗೆ ಹೋಗಿ ಮಲಗಿದ್ದಾಳೆ. ಇವರು ಮನೆಗೆ ಬಂದವರೇ ಚಪ್ಪಲಿ ಕಳಚದೆ ಅಡಿಗೆಮನೆಗೆ ನುಗ್ಗಿ ನಿನ್ನೆಯ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿಂದರು. ಊಟದ ಮಾತಾದರೂ ಹೋಗಲಿ. ದವಾಖಾನೆಯ ಕಂಪೌಂಡರ್ "ಇನ್ನಷ್ಟು ಕ್ವಿನೈನ್ ಗುಳಿಗಿ ಒಯ್ತೀರೇನ್ರಿ?" ಎಂದು ಕೇಳಿದರೆ ಅಲ್ಲಿಯೂ "ಬ್ಯಾಡ್ರಿ, ಯಾಕ ತ್ರಾಸು" ಎಂದು ಬಂದ ಮನುಷ್ಯ. ಗುಳಿಗೆಗೆ ಯಾರಾದರೂ ಉಪಚಾರ ಮಾಡುತ್ತಾರೆಯೇ?

ಆಗ ಇಂಗ್ರೇಜಿ ಸರಕಾರ. ಇವರು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನರು. ಕಾಡಿನಿಂದ ಬಂದ ಸಾಗವಾನಿಯ ತೊಲೆಗಳನ್ನು ಅಳೆಸಿ, ಸುತ್ತಿಗೆಯಿಂದ ಸರಕಾರಿ ಮುದ್ರೆ ಹೊಡೆಸುವುದು ಅವರ ಕೆಲಸ. ತೊಲೆಗಳಿಗೆ ಒಂದೇ ಸಲ ಮುದ್ರೆ, ಇವರಿಗೆ ಜ್ವರ ಮಾತ್ರ ತಿಂಗಳು ತಿಂಗಳೂ ಮುದ್ರೆ ಹೊಡೆಯುತ್ತಿತ್ತು. ದಾಂಡೇಲಿಯ ಚಳಿಜ್ವರವೆಂದರೆ ಆಗ ಯಮನ ಸೋದರಳಿಯ. ಮೂರು ಕಂಬಳಿ ಹೊದಿಸಿ ಮೇಲೆ ನಾನು ಕೂತರೂ ಇವರ ಜೊತೆಗೆ ನಾನೂ ನಡುಗುತ್ತಿದ್ದೆ. ಡಾಕ್ಟರರು ಹೊಟ್ಟೆ ಒತ್ತಿ ನೋಡಿ, ಜ್ವರದಿಂದ ಹೊಟ್ಟೆಯೊಳಗಿನ ಗುಲ್ಮ ಬಹಳ ಊದಿದೆ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು: "ತಂಗೀ, ಬಯಲುಸೀಮಿಗೆ ಕರಕೊಂಡು ಹೋಗು. ಇನ್ನೊಂದು ಮಳಿಗಾಲ ಈ ಕಾಡಿನ್ಯಾಗ ಇದ್ರ ಮನುಷ್ಯ ಉಳಿಯೂದಿಲ್ಲ." ಮಳೆಗಾಲಕ್ಕೆ ದಿನ ಹೆಚ್ಚಿರಲಿಲ್ಲ. ನೌಕರಿ ಬಿಟ್ಟರೆ ಹೊಟ್ಟೆಗಿಲ್ಲ, ಬಿಡದಿದ್ದರೆ ಗಂಡನಿಲ್ಲ. ನಾನು ಅಳುವ ಪೈಕಿ ಅಲ್ಲ. ಅವತ್ತು ಮೆಣಸಿನಕಾಯಿ ಕುಟ್ಟುವಾಗ ಮಾತ್ರ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕುಟ್ಟಿದೆ.

ಅದೇ ವಾರ ದೇವರು ಕಣ್ಣು ಬಿಟ್ಟ. ಕಾಡಿನಾಚೆ ಬಯಲಿನಲ್ಲಿರುವ ಹಳಿಯಾಳದ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಯಿತು. ಡಿಪೋದ ಹೊಸ ಸಾಹೇಬರು ಇವರನ್ನು ಕರೆಸಿದರು. ನಾನು ಆಗಲೇ ಮನಸ್ಸಿನಲ್ಲಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಯಾಗಿತ್ತು. ಸಂಜೆ ಇವರು ಬಂದು ಕಟ್ಟೆಯ ಮೇಲೆ ಕೂತರು.

"ಏನಂದ್ರು ಸಾಹೇಬ್ರು?"

"ಹಳಿಯಾಳಕ್ಕ ಹೋಗ್ತೀರೇನಂತ ಕೇಳಿದ್ರು."

"ನೀವೇನಂದ್ರಿ?"

"ಏನನ್ನೋದು? ಬ್ಯಾಡ್ರಿ ಸಾಹೇಬ್ರ, ಇಲ್ಲೇ ಛಲೋ ಐತಿ ಅಂದೆ."

"ಆಮ್ಯಾಲ?"

ಇವರು ಚಪ್ಪಲಿಯ ಉಂಗುಟ ನೋಡುತ್ತ ಕೂತರು. "ಆಮ್ಯಾಲ ಅವರು ಮತ್ತ ಕೇಳಲೇ ಇಲ್ಲ. ನಾ ಬಾಗಿಲದಾಗ ಎಷ್ಟೋ ಹೊತ್ತು ನಿಂತೆ. ಸಂತೋಷ, ಹೋಗಿ ಬರ್ರಿ ಅಂದ್ರು."

ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಸಾಹೇಬರು ಮದರಾಸಿನ ಕಡೆಯವರು. ನೌಕರಿಯ ಪರೀಕ್ಷೆಗೆಂದು ಪುಸ್ತಕದಿಂದ ಕನ್ನಡ ಕಲಿತವರು. ಪುಸ್ತಕದಲ್ಲಿ ಬೇಡ ಅಂದರೆ ಬೇಡ ಎಂದೇ ಬರೆದಿರುತ್ತದೆ. ಈಗಲೇ ತಿರುಗಿ ಹೋಗಿ ಬೇಕು ಅನ್ನಿ ಎಂದೆ. "ಹೆಂಗ ಅನ್ನಲಿ? ತಿರುಗಿ ಓಡಿ ಬಂದ, ಆಸೆಬುರುಕ ಅಂತ ತಿಳಕೊಂಡಾರು" ಅಂದರು. ಸಾಯುವುದಕ್ಕೆ ತಯಾರು, ಆಸೆಬುರುಕ ಅನಿಸಿಕೊಳ್ಳುವುದಕ್ಕೆ ತಯಾರಿಲ್ಲ!

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಆಗುತ್ತಿತ್ತು. ಎರಡು ದಿನ ಬಿಟ್ಟು ಸಾಹೇಬರು ಇವರ ಬೆನ್ನು ತಟ್ಟಿ, ನಿಮ್ಮ ಕಾಡಿನ ಪ್ರೀತಿ ನೋಡಿ ನನಗೆ ಮೆಚ್ಚುಗೆಯಾಗಿದೆ, ಅದಕ್ಕೇ ನಿಮ್ಮನ್ನು ಇನ್ನೂ ದೊಡ್ಡ ಕಾಡಿಗೆ, ಜೋಯಿಡಾದ ಕಡೆಗೆ ಕಳಿಸುತ್ತೇನೆ ಅಂದರಂತೆ. ದಾಂಡೇಲಿಯಲ್ಲಾದರೂ ರೈಲಿತ್ತು, ದವಾಖಾನೆ ಇತ್ತು. ಜೋಯಿಡಾದ ಕಡೆ ಆಗ ಉಳವಿಗೆ ಹೋಗುವ ಭಕ್ತರೂ ಬಸವಣ್ಣನನ್ನು ನೆನೆದು ಗುಂಪುಗೂಡಿಯೇ ಕಾಡು ದಾಟುತ್ತಿದ್ದರು. "ನೀವೇನಂದ್ರಿ?" ಎಂದು ಕೇಳಲಿಕ್ಕೂ ನನಗೆ ಭಯ. ಅವರೇ ಹೇಳಿದರು: "ಬ್ಯಾಡ್ರಿ, ಯಾಕ ತ್ರಾಸು ತಗೋತೀರಿ ಅಂದೆ. ತ್ರಾಸೇನಿಲ್ಲ ಅಂದ್ರು."

ಗೋಡೆಯಾಚೆಯ ಹಾಜ್ರಾಬಿಗೆ ಇದೆಲ್ಲ ಕೇಳಿಸುತ್ತಿತ್ತು. ಅವಳ ಗಂಡ ಕಟ್ಟಿಗೆ ಕೊಯ್ಯುವ ಗಿರಣಿಯಲ್ಲಿ ಮಿಸ್ತ್ರಿ. ಅವಳು ಗೋಡೆಯ ಮೇಲಿಂದ ತಲೆ ಹಾಕಿದಳು. "ಅಯ್ಯ ಅಕ್ಕಾ, ಇದೇನ ನಿಮ್ಮ ಮಂದಿದಷ್ಟ ಅಲ್ಲ. ನಮ್ಮ ಮಾವ ಶಾದಿ ಮನ್ಯಾಗ ಪುಲಾವ ಬ್ಯಾಡ ಬ್ಯಾಡ ಅಂದು, ಮನಿಗೆ ಬಂದು ನನ್ನ ಮ್ಯಾಲ ಗುಸ್ಸಾ ಮಾಡ್ಯಾರ. ಆದ್ರ ಅಕ್ಕಾ, ಪುಲಾವ ಹೋದ್ರ ಮತ್ತೊಂದು ಶಾದಿ ಬರತೈತಿ. ಗಂಡ ಹೋದ್ರ? ಸೀದಾ ಸಾಹೇಬನ ಮುಂದ ಹೋಗಿ ನಿಂದರ್ರಿ. ನಿಮ್ಮ ಬಾಯಿ ಏನು ಕೆಲಸಕ್ಕ ಐತಿ?"

ಮರುದಿನ ಮುಂಜಾನೆ ಹೊರಟೆ. ಇವರಿಗೆ ಅವತ್ತೇ ಜ್ವರದ ಪಾಳಿ. ಆದರೂ ನಾನು ಏನು ಮಾತಾಡಿಬಿಡುತ್ತೇನೋ ಎಂಬ ಹೆದರಿಕೆಗೆ ಕಂಬಳಿ ಹೊದ್ದು ಹಿಂದಿನಿಂದ ಬಂದರು. "ಏ ಇವಳ, ಸಾವಕಾಶ ಮಾತಾಡು. ಮೊದಲ ಅವರ ಮನಿ ಮಂದಿ ಆರಾಮ ಅದಾರೇನಂತ ಕೇಳು." ಅವರನ್ನು ಬಂಗಲೆಯ ಪಡಸಾಲೆಯಲ್ಲಿ ಕೂರಿಸಿ ನಾನು ಒಳಗೆ ಹೋದೆ.

ಸಾಹೇಬರು ಒಳ್ಳೆಯ ಮನುಷ್ಯರೇ. ಎದ್ದು ನಿಂತು ಕೈ ಮುಗಿದರು. "ತಾಯೀ, ತಾವು ಬಂದ ಕಾರಣವೇನು?" ಪುರಾಣ ಓದಿದ ಹಾಗೆ.

"ಸಾಹೇಬ್ರ, ಹಳಿಯಾಳದ ಜಾಗಾ ನಮ್ಮವರಿಗೆ ಕೊಡ್ರಿ."

"ಆದರೆ ತಮ್ಮ ಪತಿಯವರೇ ಬೇಡವೆಂದು ನುಡಿದರಲ್ಲಾ?"

"ನಮ್ಮ ಕಡೆ ಬ್ಯಾಡ ಅಂದ್ರ ಬ್ಯಾಡ ಅಂತಲ್ರಿ. ಅದು ಮರ್ಯಾದಿ. ಬ್ಯಾಡ ಅಂದ್ರ ಬೇಕು ಅಂತ."

ಮೂರು ಸಲದ ಲೆಕ್ಕವನ್ನೆಲ್ಲ ಬಿಡಿಸಿ ಹೇಳಬೇಕಿತ್ತು. ಆದರೆ ಉದ್ದ ಮಾತು ನನಗೆ ಆಗಿಬರುವುದಿಲ್ಲ. ಸಾಹೇಬರ ಮುಖ ಅರಳಿತು. "ಬೇಡವೆಂದರೆ ಬೇಕು! ನನ್ನ ಪಂಡಿತರು ಇದನ್ನು ಕಲಿಸಲೇ ಇಲ್ಲ. ಹಾಗಾದರೆ ತಾಯೀ, ಜೋಯಿಡಾಕ್ಕೆ ಕಳಿಸುವ ಹುಕುಂ ಇಲ್ಲಿದೆ. ಇದು ಬೇಕೋ?"

"ಬ್ಯಾಡ್ರಿ!" ಅಂದೆ.

"ಆಹಾ" ಎಂದು ಲೇಖನಿಯನ್ನು ಮಸಿಯಲ್ಲಿ ಅದ್ದಿದರು.

"ಅಯ್ಯ, ಅದು ಬ್ಯಾರೆ, ಇದು ಬ್ಯಾರೆ! ಇದು ಖರೇನ ಬ್ಯಾಡ್ರಿ!"

"ಎಷ್ಟು ವಿನಯ!" ಅಂದರು.

"ಬಸವಣ್ಣನ ಆಣಿ, ಬ್ಯಾಡ ಅಂದ್ರ ಬ್ಯಾಡ!"

"ದೇವರ ಆಣೆಯವರೆಗೂ ಮರ್ಯಾದೆ! ಈ ಸೀಮೆಯೇ ಧನ್ಯ."

ಬೇಡ ಅಂದರೆ ಕೊಡುವವರು ಬೇಕು ಅಂದರೆ ಬಿಟ್ಟಾರೆಂದು, "ಹಂಗಾರ ಬೇಕ್ರಿ! ಜೋಯಿಡಾನ ಬೇಕು, ಇವತ್ತ ಬೇಕು!" ಅಂದೆ. ಸಾಹೇಬರು ನಕ್ಕರು. "ಕಡೆಗೂ ಬಾಯಿಬಿಟ್ಟು ಹೇಳಿದಿರಿ." ಇನ್ನು ಯಾವ ಮಾತು ಉಳಿಯಿತು? ಸುಮ್ಮನಾದೆ. ಮೌನವೆಂದರೆ ಒಪ್ಪಿಗೆ ಎಂಬುದು ಅವರ ಪುಸ್ತಕದಲ್ಲಿ ಇದ್ದೇ ಇತ್ತು. ಲೇಖನಿ ಕಾಗದಕ್ಕೆ ತಾಗುವುದರಲ್ಲಿತ್ತು. ಊರಿನಲ್ಲೆಲ್ಲ ನನ್ನ ಬಾಯಿಗೆ ಹೆದರದವರಿರಲಿಲ್ಲ. ಆ ಬಾಯಿಯಿಂದಲೇ ಗಂಡನನ್ನು ಜೋಯಿಡಾದ ಕಾಡಿಗೆ ಅಟ್ಟಿ ನಿಂತಿದ್ದೆ.

ಆಗ ಬಾಗಿಲಲ್ಲಿ ಕಂಬಳಿ ಕಾಣಿಸಿತು. ಯಾರೂ ಕರೆದಿರಲಿಲ್ಲ, ಯಾರೂ ಒಂದು ಸಲವೂ ಕೇಳಿರಲಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದ ನಮ್ಮ ಮನೆಯವರು ಚೌಕಟ್ಟು ಹಿಡಿದು ಹೇಳಿದರು:

"ಸಾಹೇಬ್ರ, ನನಗ ಹಳಿಯಾಳ ಬೇಕು. ಜೋಯಿಡಾಕ್ಕ ಹೋದ್ರ ನಾ ಸಾಯ್ತೇನಿ."

ಸಾಹೇಬರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಲೇಖನಿ ಗಾಳಿಯಲ್ಲೇ ಇತ್ತು. "ತಾಯೀ, ಇದರ ಅರ್ಥವೇನು?"

"ಇದರ ಅರ್ಥ ಅವರು ಅಂದಷ್ಟ ರೀ" ಅಂದೆ.

ಅವರು ಎದ್ದು ಬಂದು ಇವರ ಕೈ ಮುಟ್ಟಿ ನೋಡಿ, ಸುಟ್ಟುಕೊಂಡವರಂತೆ ಬಿಟ್ಟರು. ತಮ್ಮ ಕುರ್ಚಿಯನ್ನೇ ಎಳೆದು ಕೂರಿಸಿ, ಆ ಕಾಗದವನ್ನು ಹರಿದು ಬೇರೆ ಕಾಗದ ಬರೆದರು. ಮಳೆ ಹಿಡಿಯುವ ಮೊದಲೇ ನಾವು ಹಳಿಯಾಳ ಸೇರಿದೆವು. ಕ್ವಿನೈನ್ ಗುಳಿಗೆಗಳನ್ನು ಮಾತ್ರ ನಾನೇ ಹೋಗಿ ತರುತ್ತಿದ್ದೆ. ಕಂಪೌಂಡರ್ ಕೇಳುವ ಮೊದಲೇ ಸೆರಗು ಒಡ್ಡುತ್ತಿದ್ದೆ. ಬಯಲಿನ ಗಾಳಿಗೆ ಜ್ವರ ಮೆಲ್ಲಗೆ ಹಾದಿ ಹಿಡಿಯಿತು. ದೀಪಾವಳಿಯ ಹೊತ್ತಿಗೆ ಮುಖದ ಮೇಲೆ ಬಣ್ಣ ಬಂತು, ಹೊಟ್ಟೆಗೆ ಹಸಿವು ಬಂತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದರು. ಹೇಗೆ ಮೈ ತುಂಬುತ್ತಿದೆ ನೋಡು ಎಂದು ನನಗೆ ಒಳಗೊಳಗೇ ಹಿಗ್ಗು. ಬದನೆಕಾಯಿ ಪಲ್ಯದ ಬೋಗುಣಿ ಹಿಡಿದು, "ಇನ್ನೊಂದೀಟು ಹಾಕಲ್ಯಾ?" ಎಂದೆ. ಬೇಡ ಅಂದರು. ಅದು ಇರುವುದೇ ಹಾಗೆ. ಎರಡನೆಯ ಸಲ ಕೇಳಿದೆ. ಬೇಡ ಅಂದರು. ಧ್ವನಿ ಇಳಿದಿರಲಿಲ್ಲ. ಮೂರನೆಯ ಸಲ ಕೇಳಿ ಸೌಟು ಎತ್ತಿದೆ. ತಾಟಿನ ಮೇಲೆ ಕೈ ಇಟ್ಟರು. ಬೆರಳುಗಳ ನಡುವೆ ಸಂದಿಯೇ ಇರಲಿಲ್ಲ.

"ಬ್ಯಾಡ ಅಂದ್ನಲ್ಲ. ಉಪ್ಪು ಜಾಸ್ತಿ ಐತಿ. ಲಗ್ನ ಆದಾಗಿಂದ ಜಾಸ್ತೀನ ಐತಿ. ನಾ ಬ್ಯಾಡ ಅಂದಂಗೆಲ್ಲಾ ನೀ ಹಾಕ್ಕೋತ ಬಂದಿ."

ಸಾಹೇಬರ ಮುಂದೆ ಸೀದಾ ಮಾತಿನ ರುಚಿ ಹತ್ತಿದ ಮನುಷ್ಯ ಮನೆಯಲ್ಲೂ ಅದನ್ನೇ ಬಡಿಸಿದರು. ಅವರು ಕೈ ತೊಳೆಯಲು ಎದ್ದ ಮೇಲೆ ನನ್ನ ತಾಟಿಗೆ ಬಡಿಸಿಕೊಂಡು, ಆ ಪಲ್ಯವನ್ನು ಮೊದಲ ಸಲ ತಿನ್ನುವವಳಂತೆ ತಿಂದು ನೋಡಿದೆ. ಉಪ್ಪು ನನ್ನ ಪ್ರಕಾರ ಸರಿಯಾಗಿಯೇ ಇತ್ತು. ನೀರು ಮಾತ್ರ ಎರಡು ತಂಬಿಗೆ ಹಿಡಿಯಿತು.