ರಂಗನಾಥನ ತುಂಬೆಗಿಡ

ಭೀಮರಾಜು ಹೆಣ್ಣು ನೋಡಲು ಸಿರಾಕ್ಕೆ ಹೊರಟ ಬೆಳಗ್ಗೆಯೇ ಜೇನುಹುಳ ಅವನ ತುಟಿಗೆ ಕಚ್ಚಬೇಕೆ? ಕನ್ನಡಿ ಮುಂದೆ ನಿಲ್ಲುವಷ್ಟರಲ್ಲಿ ತುಟಿ ಮೆಣಸಿನಕಾಯಿ ಬಜ್ಜಿಯಂತೆ ಉಬ್ಬಿತ್ತು. ಹುಳ ಬಂದದ್ದು ಎದುರುಮನೆ ಕಂಡಕ್ಟರ್ ರಂಗನಾಥನ ಅಂಗಳದ ತುಂಬೆಗಿಡಗಳಿಂದ ಎಂಬುದರಲ್ಲಿ ಪಾವಗಡದ ಆ ಬೀದಿಗೆ ಯಾವ ಅನುಮಾನವೂ ಇರಲಿಲ್ಲ.

ರಂಗನಾಥನ ಹೆಂಡತಿ ವನಜಾಕ್ಷಿ ತೀರಿಕೊಂಡು ವರ್ಷವಾಗಿತ್ತು. ಅವಳು ತವರಿನಿಂದ ತಂದು ಬೂದಿಯಲ್ಲಿ ಎತ್ತಿಟ್ಟಿದ್ದ ಕುಂಬಳದ ಬೀಜಗಳನ್ನೆಲ್ಲ ಅವನು ಊರಿದ. ಎದ್ದದ್ದು ಒಂದೇ ಬಳ್ಳಿ. ಹೂವೇನೋ ಬಿಟ್ಟಿತು, ಆದರೆ ಆ ಕಾಂಕ್ರೀಟ್ ಬೀದಿಗೆ ಜೇನುಹುಳವೇ ಬಾರದೆ ಕಾಯಿ ನಿಲ್ಲಲಿಲ್ಲ. ಅದಕ್ಕೇ ಬೆಟ್ಟದ ಬುಡದಿಂದ ತುಂಬೆ ತಂದು ಬಳ್ಳಿಯ ಸುತ್ತ ನೆಟ್ಟ. ತುಂಬೆಗೆ ಬಂದ ಹುಳಗಳು ಕುಂಬಳದ ಹೂವಿಗೂ ಹೊಕ್ಕವು. ಗೋಡೆಯಾಚೆ, ಪಕ್ಕದಮನೆ ಮಹಾಲಕ್ಷ್ಮಮ್ಮನ ಕಡೆ, ಒಂದು ಕಾಯಿ ನಿಂತಿತು. ಅದು ಬಲಿತರೆ ಮತ್ತೆ ಬೀಜ. ಇಲ್ಲದಿದ್ದರೆ ವನಜಾಕ್ಷಿಯ ಕುಂಬಳ ಅಲ್ಲಿಗೇ ಮುಗಿಯಿತು.

"ಏಮಯ್ಯಾ, ನನ್ ಮದ್ವೆ ಕೆಡಿಸ್ಬುಟ್ಯಲ್ಲ! ಈ ಕಳೇನ ಯಾಕ್ಲಾ ಸಾಕಿದ್ದೀಯ?" ಭೀಮರಾಜು ಅಂಗಳಕ್ಕೇ ನುಗ್ಗಿದ. ಹಿಂದೆ ಅರ್ಧ ಬೀದಿ.

ಬಸ್ಸು ತುಂಬ ಜನರನ್ನು ಗದರಿಸುವ ರಂಗನಾಥನಿಗೆ, ಸತ್ತ ಹೆಂಡತಿಗಾಗಿ ಎನ್ನಲು ಬಾಯಿ ಬರಲಿಲ್ಲ. "ಕುಂಬಳಕಾಯಿ ಸಾರು ಉಣ್ಣೋ ಆಸೆ ಕಣಣ್ಣ. ತುಂಬೆ ಇದ್ರೆ ಕಾಯಿ ನಿಲ್ತದೆ" ಎಂದುಬಿಟ್ಟ.

ಬೀದಿ ನಕ್ಕಿತು. ಮಹಾಲಕ್ಷ್ಮಮ್ಮ ಮಾತ್ರ, "ಮಾಡಿಕ್ಕೋರಿಲ್ಲ, ಪಾಪ" ಎಂದು ಲೊಚಗುಟ್ಟಿದರು.

ಭೀಮರಾಜು ಬೇವಿನಸೊಪ್ಪಿನ ಹೊಗೆ ಹಾಕಿದ. ರೊಚ್ಚಿಗೆದ್ದ ಹುಳಗಳು ಇನ್ನಿಬ್ಬರ ಕಿವಿ ಊದಿಸಿದವು. ಆಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ. ರಂಗನಾಥ ತನ್ನ ಕೈಯಾರೆ ತುಂಬೆಯನ್ನೆಲ್ಲ ಕಿತ್ತು ಹಾಕಿದ. ಇನ್ನೊಂದು ಕಾಯಿ ನಿಲ್ಲುವ ಆಸೆಯಿಲ್ಲ, ಹೋಗಲಿ, ನಿಂತದ್ದೊಂದು ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಬಾಗಿಲು ಹಾಕಿ ಮಲಗಿದ.

ಸಂಜೆ ಬಾಗಿಲು ತಟ್ಟಿದ ಸದ್ದು. ಮಹಾಲಕ್ಷ್ಮಮ್ಮ ಹಬೆಯಾಡುವ ಪಾತ್ರೆ ಹಿಡಿದು ನಿಂತಿದ್ದರು. ಹಿಂದೆ, ತಪ್ಪೊಪ್ಪಿಕೊಂಡವನಂತೆ, ಮುದ್ದೆಯ ತಟ್ಟೆ ಹಿಡಿದ ಭೀಮರಾಜು.

"ಗಿಡ ಕೀಳುವಾಗ ನಿನ್ ಮುಖ ನೋಡಾಕಾಗ್ಲಿಲ್ಲ ಕಣಪ್ಪ. ನಿನ್ನಾಸೆ ಯಾಕೆ ಉಳೀಬೇಕು ಅಂತ ಸಾರು ಮಾಡ್ಕಂಡು ಬಂದೆ. ನಮ್ ಕಡೆ ನೇತಾಡ್ತಿತ್ತಲ್ಲ, ಅದೇ ಕಾಯಿ. ಬೀಜಾನೂ ಬಲ್ತಿರ್ಲಿಲ್ಲ, ಬೆಣ್ಣೆ ಇದ್ದಂಗದೆ."

ರಂಗನಾಥ ಮುದ್ದೆ ಮುರಿದು ಬಾಯಿಗಿಟ್ಟ. ಕಣ್ಣಿಂದ ನೀರು ಸುರಿಯಿತು.

"ನೋಡಿದ್ರಾ ಅಮ್ಮ, ಎಷ್ಟು ಆಸೆ ಇಟ್ಕಂಡಿದ್ದ, ಪಾಪ" ಎಂದು ಭೀಮರಾಜು ಇನ್ನೊಂದು ಸೌಟು ಬಡಿಸಿದ.